ಆಟದೊಳಗಿನ ಸಿಡಿಲು

ನೀವು ಓದಿದ ಒಂದು ಪುಸ್ತಕದ ಬಗ್ಗೆ ಬರೆಯಿರಿ ಎಂದು ಸಂಪಾದಕರು ಕೇಳಿದಾಗ ನಾವು ಯಾವುದಾದರೂ ಕಾದಂಬರಿಯನ್ನೋ ಪ್ರವಾಸಕಥನವನ್ನೋ ಆರಿಸಿಕೊಳ್ಳುತ್ತೇವೆಂದು ಅವರು ನಂಬಿದ್ದಿರಬೇಕು. ಆದರೆ ನಾವು ಆರಿಸಿಕೊಂಡದ್ದು ಒಂದು ಆಟದ ನಿಯಮಪುಸ್ತಕ. ಅದರಲ್ಲೂ ಇನ್ನೂರಕ್ಕೂ ಮಿಕ್ಕ ಪುಟಗಳ ಆ ಗ್ರಂಥದಲ್ಲಿ ಆಟ ಕೆಡಿಸುವವನನ್ನು ಏನು ಮಾಡಬೇಕೆಂದು ಹೇಳುವ ಒಂದು ಸಣ್ಣ ಭಾಗ ಮಾತ್ರ. ಆ ಭಾಗ ನಮ್ಮ ಮನೆಯಲ್ಲಿ ಆರು ತಿಂಗಳು ಗದ್ದಲ ಎಬ್ಬಿಸಿತು. ನಾಲ್ಕು ಜನ ಕೂಡುವ ಯಾವ ಮನೆಗೂ, ನಮ್ಮ ಸಂಘಕ್ಕೂ, ಅದು ಸಂಬಂಧಪಟ್ಟದ್ದೆಂದು ಈಗ ನಮಗೆ ತೋರಿದೆ. ಆದ್ದರಿಂದ ಈ ವಿಮರ್ಶೆ.

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ನಮ್ಮ ಓದುಗರಲ್ಲಿ ಹಲವರ ಮಕ್ಕಳು ಇದನ್ನು ಆಡುತ್ತಿರಬಹುದು. 2016ರಲ್ಲಿ ಶುರುವಾದ ‘ಸ್ಟ್ರೇಂಜರ್ ಥಿಂಗ್ಸ್’ ಎಂಬ ಧಾರಾವಾಹಿಯನ್ನು ನೋಡಿದ ಮೇಲೆ ನಮ್ಮ ಮಗನಿಗೂ ಇದರ ಹುಚ್ಚು ಹಿಡಿಯಿತು. ಮೇಜಿನ ಸುತ್ತ ಐದಾರು ಜನ ಕೂರುತ್ತಾರೆ. ಒಬ್ಬ ಯೋಧ, ಒಬ್ಬ ಮಂತ್ರವಾದಿ, ಒಬ್ಬಳು ಪೂಜಾರಿಣಿ, ಇನ್ನೊಬ್ಬ ಕಳ್ಳ, ಹೀಗೆ ಒಬ್ಬೊಬ್ಬರದು ಒಂದೊಂದು ಪಾತ್ರ. ವೇಷವಿಲ್ಲ, ಪರದೆಯಿಲ್ಲ, ಎಲ್ಲವೂ ಬಾಯಿಮಾತಿನಲ್ಲೇ ನಡೆಯುತ್ತದೆ. ಒಬ್ಬನು ಮಾತ್ರ ಪಾತ್ರ ವಹಿಸದೆ ಕಾಡು, ಕೋಟೆ, ರಾಕ್ಷಸ, ಅರಸ ಎಲ್ಲವೂ ತಾನೇ ಆಗಿ ಕಥೆಯನ್ನು ಮುಂದಕ್ಕೆ ನಡೆಸುತ್ತಾನೆ. ಅವನಿಗೆ ಡಂಜನ್ ಮಾಸ್ಟರ್ ಎಂದು ಹೆಸರು. ನಾವು ಸೂತ್ರಧಾರ ಎನ್ನೋಣ. ‘ನಾನು ಬಾಗಿಲು ಒದೆಯುತ್ತೇನೆ’ ಎಂದು ಆಟಗಾರ ಹೇಳಿದರೆ ಬಾಗಿಲು ಮುರಿಯಿತೋ ಕಾಲು ಮುರಿಯಿತೋ ಎಂಬುದನ್ನು ನಾಲ್ಕರಿಂದ ಇಪ್ಪತ್ತು ಮುಖಗಳವರೆಗಿನ ದಾಳಗಳೂ ಸೂತ್ರಧಾರನ ವಿವೇಕವೂ ಸೇರಿ ತೀರ್ಮಾನಿಸುತ್ತವೆ. ಗೆದ್ದವರು ಸೋತವರು ಎಂಬುದಿಲ್ಲ. ಕಥೆ ವಾರದಿಂದ ವಾರಕ್ಕೆ ಬೆಳೆಯುತ್ತದೆ.

ಇದು ಅಮೆರಿಕದಲ್ಲಿ ಹುಟ್ಟಿದ ಆಟ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿದ ಇದು 1974ರಲ್ಲಿ ಮೂರು ಸಣ್ಣ ಪುಸ್ತಕಗಳ ಒಂದು ಡಬ್ಬಿಯಾಗಿ ಹೊರಬಂದಿತು. ಮೊದಲ ಮುದ್ರಣ ಬರೀ ಒಂದು ಸಾವಿರ ಪ್ರತಿ. ಇಬ್ಬರೂ ಸೀಸದ ಸೈನಿಕರನ್ನು ಮೇಜಿನ ಮೇಲೆ ಹರಡಿ ಯುದ್ಧ ಆಡುತ್ತಿದ್ದವರು. ಅಂಥ ಆಟಗಳಲ್ಲಿ ಎರಡು ಪಕ್ಷಗಳ ನಡುವೆ ತೀರ್ಪು ಹೇಳಲು ಒಬ್ಬ ಅಂಪೈರ್ ಇರುತ್ತಿದ್ದ. ಈ ಸೂತ್ರಧಾರ ಆ ಅಂಪೈರನ ಮೊಮ್ಮಗ. ಹಾಗಾಗಿ ಅವನ ಕೈಯಲ್ಲಿ ಎರಡು ಅಧಿಕಾರಗಳು ಒಟ್ಟಿಗೆ ಬಂದು ಸೇರಿದವು. ಕಥೆಯೊಳಗೆ ಅವನು ವಿಧಿ. ಮೇಜಿನ ಹತ್ತಿರ ಅವನು ಸಭಾಧ್ಯಕ್ಷ. ಈ ಎರಡು ಕುರ್ಚಿಗಳ ಗೊಂದಲವೇ ನಮ್ಮ ಲೇಖನದ ವಿಷಯ.

ನಾವು ಹೇಳುತ್ತಿರುವ ಪುಸ್ತಕ ಗೈಗ್ಯಾಕ್ಸ್ ಅವರು 1979ರಲ್ಲಿ ಪ್ರಕಟಿಸಿದ ‘ಡಂಜನ್ ಮಾಸ್ಟರ್ಸ್ ಗೈಡ್’. 2012ರಲ್ಲಿ ಅದರ ಮರುಮುದ್ರಣವಾಯಿತು. ನಮ್ಮ ಮಗ ಎಲ್ಲಿಂದಲೋ ಅದರ ಒಂದು ಪ್ರತಿ ತಂದು ವೇದದಂತೆ ಓದತೊಡಗಿದ. ಕೋಷ್ಟಕಗಳಿಂದ ತುಂಬಿದ ಆ ಪುಸ್ತಕದ ಮಧ್ಯದಲ್ಲೆಲ್ಲೋ ತೊಂದರೆ ಕೊಡುವ ಆಟಗಾರರ ಬಗ್ಗೆ ಕೆಲವು ಮಾತುಗಳಿವೆ. ಅವುಗಳ ತಾತ್ಪರ್ಯ ಹೀಗಿದೆ: ಅಂಥವನನ್ನು ಹೊರಹಾಕುವುದಕ್ಕೆ ಮೊದಲು ಕೆಲವು ಉಪಾಯಗಳುಂಟು. ಎಲ್ಲರಿಗೂ ಕಾಣುವಂತೆ ಇನ್ನೊಂದು ರಾಕ್ಷಸನಿಗಾಗಿ ದಾಳ ಎಸೆಯಬಹುದು. ಕಣ್ಣಿಗೆ ಕಾಣದ ಲೋಕದಿಂದ ಒಂದು ಶವಭೂತವನ್ನು ಅವನ ಪಾತ್ರದ ಮೇಲೆ ಛೂ ಬಿಡಬಹುದು. ಆಕಾಶದಿಂದ ನೀಲಿ ಸಿಡಿಲು ಅವನ ತಲೆಗೇ ಬಡಿಯುವಂತೆ ಮಾಡಬಹುದು. ಅವನ ಪಾತ್ರದ ವರ್ಚಸ್ಸಿನ ಅಂಕಗಳಲ್ಲಿ ಒಂದನ್ನು ಶಾಶ್ವತವಾಗಿ ಕಳೆಯಬಹುದು. ಇವನ್ನು ಪದೇ ಪದೇ ಮಾಡಬೇಕಾಗಿ ಬಂದರೆ ಇವು ನಾಟುತ್ತಿಲ್ಲವೆಂದು ತಿಳಿದು ಕೊನೆಗೆ ಆ ಮನುಷ್ಯನನ್ನು ಕರೆಯುವುದನ್ನೇ ಬಿಡಬೇಕು. ಇನ್ನೊಂದು ಉಪಾಯವನ್ನೂ ಹೇಳಿದ್ದಾರೆ. ಎಲ್ಲರ ಮೇಲೂ ಯಜಮಾನಿಕೆ ಮಾಡುವವನು ಏನಾದರೂ ಸಲಹೆ ಕೊಟ್ಟ ಕೂಡಲೇ, ಅವನು ಹೇಳಿದ ಕಾರಣಕ್ಕಾಗಿಯೇ ಆ ಕೆಲಸ ಇನ್ನು ಯಾರಿಗೂ ಸಾಧ್ಯವಿಲ್ಲ ಎಂದು ಸಾರಿಬಿಡಬೇಕು. ಆಗ ಉಳಿದವರೇ ಅವನ ಬಾಯಿ ಮುಚ್ಚಿಸುತ್ತಾರೆ.

ಓದಿ ನಾವು ನಕ್ಕೆವು. ಬರೆದವರೂ ಅರ್ಧ ನಗುತ್ತಲೇ ಬರೆದಿರಬೇಕು. ಆದರೆ ಹದಿನಾರು ವರ್ಷದ ಹುಡುಗರು ನಗುತ್ತಾ ಬರೆದದ್ದನ್ನು ನಗುತ್ತಾ ಓದುವುದಿಲ್ಲ.

ನಮ್ಮದು ಮುಂಬಯಿಯ ಸರಕಾರಿ ಕ್ವಾರ್ಟರ್ಸ್. ಹಾಲ್ ಎಂದರೆ ಒಂದು ಮೇಜು, ಆರು ಕುರ್ಚಿ, ಒಂದು ಫ್ಯಾನು. ಪ್ರತಿ ಭಾನುವಾರ ಮಧ್ಯಾಹ್ನ ಅಲ್ಲಿ ಆಟ. ಚಹಾ, ಅವಲಕ್ಕಿಯ ಸರಬರಾಜು ನಮ್ಮದು. ಮಗನೇ ಸೂತ್ರಧಾರ. ಕಳ್ಳನ ಪಾತ್ರ ವಹಿಸುತ್ತಿದ್ದ ಹುಡುಗ ಬಹಳ ಚುರುಕು. ಇಡೀ ಗುಂಪಿನಲ್ಲಿ ನಿಯಮಗಳನ್ನು ಅವನಷ್ಟು ಚೆನ್ನಾಗಿ ಬಲ್ಲವರಿರಲಿಲ್ಲ. ಬೇರೆಯವರ ಸರದಿಯಲ್ಲೂ ಅವನೇ ಉತ್ತರ ಕೊಡುತ್ತಿದ್ದ. ಜೊತೆಯವರ ಚೀಲದಿಂದಲೇ ಚಿನ್ನ ಕದಿಯುತ್ತಿದ್ದ. ಏಕಯ್ಯಾ ಎಂದರೆ ‘ನಾನೇನು ಮಾಡಲಿ, ನನ್ನ ಪಾತ್ರವೇ ಹಾಗೆ’ ಎನ್ನುತ್ತಿದ್ದ. ಪೂಜಾರಿಣಿಯ ಪಾತ್ರ ಮಾಡುತ್ತಿದ್ದವಳು ಮೇಲಿನ ಮಹಡಿಯ ಹುಡುಗಿ. ಮೆಲುದನಿ. ಅವಳು ಬಾಯಿ ತೆರೆಯುವಷ್ಟರಲ್ಲಿ ಇವನ ವಾಕ್ಯ ಮುಗಿದಿರುತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತ ನಮಗೆ ಇದೆಲ್ಲ ಕಾಣುತ್ತಿತ್ತು. ಮಕ್ಕಳ ಆಟ, ನಮಗೇಕೆ ಎಂದು ಸುಮ್ಮನಿದ್ದೆವು.

ಮಗ ಪುಸ್ತಕದ ಉಪಾಯವನ್ನು ಪ್ರಯೋಗಿಸಿದ. ಕಳ್ಳನ ಮೇಲೆ ಒಂದು ರಾಕ್ಷಸ ಬಿತ್ತು. ಕಳ್ಳ ಚುರುಕಾದವನಲ್ಲವೇ, ರಾಕ್ಷಸನನ್ನು ಗುಂಪಿನ ಕಡೆಗೇ ತಿರುಗಿಸಿದ. ಮುಂದಿನ ವಾರ ಸಿಡಿಲೇ ಬಡಿಯಿತು. ಅದು ತನಗೆ ಒಡ್ಡಿದ ಸವಾಲೆಂದು ತಿಳಿದ ಹುಡುಗ ಇಮ್ಮಡಿ ಉತ್ಸಾಹದಿಂದ ಆಡಿದ. ಮೂರನೆಯ ವಾರದ ದಾಳಿಯಲ್ಲಿ ಸತ್ತದ್ದು ಕಳ್ಳನಲ್ಲ, ಅವನ ಪಕ್ಕದಲ್ಲಿ ನಿಂತಿದ್ದ ಪೂಜಾರಿಣಿ. ಆ ಹುಡುಗಿ ಏನೂ ಹೇಳಲಿಲ್ಲ. ಹಾಳೆಯನ್ನು ನಾಲ್ಕಾಗಿ ಮಡಚಿ ಮೇಜಿನ ಮೇಲಿಟ್ಟು, ಚಹಾದ ಲೋಟವನ್ನು ತಾನೇ ತೊಳೆದಿಟ್ಟು ಹೋದಳು. ಮತ್ತೆ ಬರಲಿಲ್ಲ.

ಆ ರಾತ್ರಿ ನಮ್ಮ ಮನೆಯಾಕೆ ಮಗನನ್ನು ಕೇಳಿದ ಪ್ರಶ್ನೆ ಒಂದೇ: ‘ಸಿಡಿಲು ಯಾಕೆ ಬಿತ್ತು ಅಂತ ಆ ಹುಡುಗನಿಗೆ ಗೊತ್ತಾ?’ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ.

ಈ ಪ್ರಶ್ನೆಯೇ ಗೈಗ್ಯಾಕ್ಸ್ ಅವರ ಉಪಾಯದ ಮೇಲಿರುವ ಮೊದಲ ಆಕ್ಷೇಪಣೆ. ನಾವು ಇಪ್ಪತ್ತು ವರ್ಷಗಳಿಂದ ಕೇಂದ್ರ ಸರಕಾರದ ಕಚೇರಿಯಲ್ಲಿ ಕಡತ ತಿರುವುತ್ತಿರುವವರು. ನಮ್ಮ ಮೇಲೆ 1965ರ ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ ನಿಯಮಗಳಿವೆ. ಹೆಸರೇ ನಿದ್ದೆ ಬರಿಸುವಂಥದು, ನಿಜ. ಆದರೆ ಅದರಲ್ಲಿ ಒಂದು ದೊಡ್ಡ ಮಾತಿದೆ. ದಂಡನೆಗಳಲ್ಲಿ ಅತ್ಯಂತ ಹಗುರವಾದ ಛೀಮಾರಿಯನ್ನು ಹಾಕುವುದಕ್ಕೂ ಮೊದಲು ಆರೋಪವನ್ನು ಬರಹದಲ್ಲಿ ತಿಳಿಸಿ ನೌಕರನ ಉತ್ತರವನ್ನು ಕೇಳಬೇಕು. ಕಾರಣ ತಿಳಿಸದ ದಂಡನೆಯಿಂದ ಯಾರೂ ತಿದ್ದಿಕೊಳ್ಳುವುದಿಲ್ಲ ಎಂಬ ಅನುಭವ ಅದರ ಹಿಂದಿದೆ. ನೀಲಿ ಸಿಡಿಲಿಗೆ ಮೆಮೊ ಇಲ್ಲ. ಹೊಡೆತ ಬಿದ್ದವನು ಅದನ್ನು ಶಿಕ್ಷೆ ಎಂದು ಓದಬಹುದು, ಕಥೆ ಎಂದೂ ಓದಬಹುದು. ನಮ್ಮ ಕಳ್ಳ ಕಥೆ ಎಂದೇ ಓದಿದ. ಅವನ ತಪ್ಪೇನು?

ಎರಡನೆಯ ಆಕ್ಷೇಪಣೆ: ಅಪರಾಧ ಮಾಡಿದವನು ಕುರ್ಚಿಯ ಮೇಲೆ ಕೂತ ಹುಡುಗ, ದಂಡನೆ ಹಾಳೆಯ ಮೇಲಿನ ಕಳ್ಳನಿಗೆ. ‘ನನ್ನ ಪಾತ್ರವೇ ಹಾಗೆ’ ಎಂಬ ನೆಪವನ್ನು ನಾವು ಒಪ್ಪುವುದಿಲ್ಲ. ಪಾತ್ರಕ್ಕೆ ಸ್ವಂತ ಬುದ್ಧಿಯಿಲ್ಲ, ಆಡಿಸುವವನು ಇದ್ದಾನೆ ಎನ್ನುತ್ತೇವೆ. ಹಾಗಿದ್ದ ಮೇಲೆ ಪಾತ್ರದ ತಲೆಗೆ ಹೊಡೆದು ಮನುಷ್ಯ ಪಾಠ ಕಲಿಯಲಿ ಎನ್ನುವ ಸೂತ್ರಧಾರನದೂ ಅದೇ ನೆಪ ತಾನೆ? ಇಬ್ಬರೂ ಎದುರುಬದುರು ಮಾತಾಡುವುದನ್ನು ತಪ್ಪಿಸಿಕೊಂಡು ಗೊಂಬೆಗಳನ್ನು ಮುಂದೆ ಬಿಟ್ಟಿದ್ದಾರೆ.

ಮೂರನೆಯದು, ಗುಂಪಿನ ಒತ್ತಡದ ಉಪಾಯ. ಒಬ್ಬ ಹುಡುಗ ಮಾತಾಡಿದ್ದಕ್ಕೆ ಇಡೀ ತರಗತಿಯನ್ನು ಬೆಂಚಿನ ಮೇಲೆ ನಿಲ್ಲಿಸುವ ಮೇಷ್ಟ್ರುಗಳನ್ನು ನಾವೆಲ್ಲ ಕಂಡವರೇ. ಅದರಿಂದ ತರಗತಿ ಸುಮ್ಮನಾದೀತು. ಆದರೆ ಮೇಷ್ಟ್ರು ಮಾಡಬೇಕಾದ ಕೆಲಸವನ್ನು ತರಗತಿಯ ಗಟ್ಟಿ ಹುಡುಗರು ವಹಿಸಿಕೊಳ್ಳುತ್ತಾರೆ. ಮೆಲುದನಿಯವರಿಗೆ ಅಲ್ಲಿಯೂ ಪಾಲಿಲ್ಲ.

ಗೈಗ್ಯಾಕ್ಸ್ ಅವರಿಗೆ ಅನ್ಯಾಯವಾಗಬಾರದು. ಅವರ ಕಾಲದ ಮೇಜುಗಳನ್ನು ನೆನೆಯಬೇಕು. ಅವರ ಊರಾದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾದಲ್ಲಿ 1968ರಿಂದ ಆಟಗಾರರ ಸಮ್ಮೇಳನಗಳು ನಡೆಯುತ್ತಿದ್ದವು. ಪರಿಚಯವಿಲ್ಲದ ಹತ್ತಾರು ಜನ ಬಂದು ಕೂರುವ ಕಡೆ ಗಟ್ಟಿ ಕೈ ಬೇಕು. ಅದಲ್ಲದೆ ಕೊನೆಯ ಮದ್ದೆಂದರೆ ಆ ವ್ಯಕ್ತಿಯನ್ನು ಕರೆಯದಿರುವುದು ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಇಲ್ಲಿ ಅವರು ಮನುಷ್ಯನನ್ನು ಮನುಷ್ಯನಾಗಿಯೇ ಎದುರಿಸಿದ್ದಾರೆ. ನಮ್ಮ ದೂರು ಇಷ್ಟೇ: ಸಿಡಿಲಿಗೂ ಬಹಿಷ್ಕಾರಕ್ಕೂ ನಡುವೆ ಒಂದು ಮೆಟ್ಟಿಲಿತ್ತು, ಅವನನ್ನು ಪಕ್ಕಕ್ಕೆ ಕರೆದು ಹೇಳುವುದು. ಆ ಮೆಟ್ಟಿಲನ್ನು ಅವರು ಕಟ್ಟಲಿಲ್ಲ.

ಇಲ್ಲಿ ನಮಗೆ ನಮ್ಮೂರ ತಾಳಮದ್ದಳೆ ನೆನಪಾಯಿತು. ನಾವು ದಕ್ಷಿಣ ಕನ್ನಡದವರು. ಚಿಕ್ಕಂದಿನಲ್ಲಿ ತಂದೆಯವರ ತೊಡೆಯ ಮೇಲೆ ನಿದ್ದೆ ಹೋಗುತ್ತಾ ಕೇಳಿದ್ದು. ಅಲ್ಲಿಯೂ ವೇಷವಿಲ್ಲ, ಕೂತು ಮಾತಾಡುವುದೇ ಆಟ. ಅರ್ಥಧಾರಿಗೆ ಬಾಯಿಪಾಠದ ಮಾತಿಲ್ಲ, ಎಲ್ಲವೂ ಆಶುವಾಗಿಯೇ ಹೊರಡಬೇಕು. ಅಲ್ಲಿಯೂ ಮಾತು ಬಿಟ್ಟುಕೊಡದವರು, ಎದುರಾಳಿಯನ್ನು ಮುಗಿಸಿಯೇ ತೀರುವೆನೆಂದು ಹಟ ಹಿಡಿದವರು ಇರುತ್ತಾರೆ. ಅವರನ್ನು ನಿಯಂತ್ರಿಸುವವನು ಭಾಗವತ. ಹೇಗೆ? ಮುಂದಿನ ಪದ್ಯ ಎತ್ತಿಕೊಳ್ಳುತ್ತಾನೆ, ಮದ್ದಳೆಯ ಮೇಲೆ ಕೈ ಬೀಳುತ್ತದೆ, ಮಾತು ಇನ್ನೊಬ್ಬನಿಗೆ ದಾಟುತ್ತದೆ. ಇದರಿಂದ ಅರ್ಥಧಾರಿಗೆ ಅವಮಾನವಿಲ್ಲ. ಅವನು ಹೆಚ್ಚು ಮಾತಾಡಿದನೆಂದು ಭಾಗವತ ಪ್ರಸಂಗದ ನಡೆಯನ್ನು ತಿರುಗಿಸುವುದೂ ಇಲ್ಲ. ಕೃಷ್ಣಸಂಧಾನದಲ್ಲಿ ಕೃಷ್ಣ ಎಷ್ಟೇ ಚೆನ್ನಾಗಿ ವಾದಿಸಲಿ, ಕೌರವ ಐದು ಗ್ರಾಮ ಕೊಡುವುದಿಲ್ಲ. ಫಲ ಮೊದಲೇ ನಿಶ್ಚಯವಾದದ್ದು. ಭಾಗವತನ ಕೈಯಲ್ಲಿರುವುದು ಸರದಿ ಮಾತ್ರ. ಈ ಅಮೆರಿಕದ ಆಟದಲ್ಲಿ ಫಲ ಬಿಚ್ಚಿಟ್ಟ ಬಾಗಿಲು. ಸೂತ್ರಧಾರನ ಕೈಯಲ್ಲಿ ಸರದಿಯೂ ಇದೆ, ವಿಧಿಯೂ ಇದೆ. ಆದ್ದರಿಂದಲೇ ಅವನು ಶಿಸ್ತಿಗಾಗಿ ವಿಧಿಯನ್ನು ಮುಟ್ಟಬಾರದು, ಸರದಿಯನ್ನು ಮಾತ್ರ ಮುಟ್ಟಬೇಕು ಎನ್ನುತ್ತೇವೆ. ಒಮ್ಮೆ ಕೋಪದಿಂದ ರಾಕ್ಷಸನನ್ನು ಕಳಿಸಿದ ಸೂತ್ರಧಾರ ನಾಳೆ ನ್ಯಾಯವಾಗಿ ಕಳಿಸಿದ ರಾಕ್ಷಸನನ್ನೂ ಯಾರೂ ನಂಬುವುದಿಲ್ಲ.

ಸರದಿಯ ವಿಷಯದಲ್ಲಿ ಈ ಆಟದ ಪುಸ್ತಕಗಳು ವಿಚಿತ್ರವಾಗಿವೆ. ಈಗಿನ ನಿಯಮಗಳಲ್ಲಿ ಕತ್ತಿ ಎತ್ತಿದ ಕೂಡಲೇ ಪ್ರತಿಯೊಬ್ಬರಿಗೂ ದಾಳ ಎಸೆದು ಗೊತ್ತುಪಡಿಸಿದ ಸರದಿ ಇದೆ. ಎಷ್ಟು ಹೆಜ್ಜೆ, ಎಷ್ಟು ಏಟು ಎಂಬ ಲೆಕ್ಕವಿದೆ. ಕತ್ತಿ ಒರೆಗೆ ಸೇರಿ ಮಾತು ಶುರುವಾದರೆ ಅಂಥ ಸರದಿಯೇ ಇಲ್ಲ. ಆಗ ಗಂಟಲು ದೊಡ್ಡದಿದ್ದವನೇ ದೊಡ್ಡವನು. ಹಿಂದೆ ಇದಕ್ಕೊಂದು ಏರ್ಪಾಡಿತ್ತು. 1981ರಲ್ಲಿ ಟಾಮ್ ಮೋಲ್ಡ್‌ವೇ ಸಂಪಾದಿಸಿದ ಆರಂಭಿಕರ ಪುಸ್ತಕದಲ್ಲಿ ಗುಂಪಿಗೊಬ್ಬ ವಕ್ತಾರನಿರುತ್ತಾನೆ. ಎಲ್ಲರ ಅಭಿಪ್ರಾಯ ಕೇಳಿ ಸೂತ್ರಧಾರನಿಗೆ ಒಪ್ಪಿಸುವುದು ಅವನ ಕೆಲಸ. ಕಾಲಕ್ರಮದಲ್ಲಿ ಇದು ಬಿಟ್ಟುಹೋಯಿತು. ನಮ್ಮ ಹುಡುಗಿಯನ್ನೇ ವಕ್ತಾರಳನ್ನಾಗಿ ಮಾಡಿದ್ದರೆ ಎಲ್ಲರೂ ಅವಳ ಬಾಯಿ ನೋಡಬೇಕಾಗುತ್ತಿತ್ತು ಎಂದು ಈಗ ಅನ್ನಿಸುತ್ತದೆ.

ಈಚಿನ ಬರಹಗಳು ಬೇರೆ ದಾರಿ ಹಿಡಿದಿವೆ. ರಾಬಿನ್ ಲಾಸ್ ಎಂಬವರು 2002ರಲ್ಲಿ ಬರೆದ ಸಣ್ಣ ಕೈಪಿಡಿ ಆಟಗಾರರನ್ನು ಏಳು ಬಗೆಯಾಗಿ ವಿಂಗಡಿಸುತ್ತದೆ. ಬಲ ಹೆಚ್ಚಿಸಿಕೊಳ್ಳಲು ಬಂದವನು, ಬಡಿದಾಡಲು ಬಂದವನು, ತಂತ್ರ ಹೂಡುವವನು, ಕಥೆಗಾಗಿ ಬಂದವನು ಹೀಗೆ. ಕೆಟ್ಟ ನಡತೆ ಎಂದು ಕಾಣುವುದು ಹಲವು ಸಲ ಬೇರೆ ಬೇರೆ ಹಸಿವುಗಳ ಘರ್ಷಣೆ ಎಂಬುದು ಇದರಿಂದ ಹೊಳೆಯುತ್ತದೆ. ಒಳ್ಳೆಯ ನೋಟ. ಆದರೆ ಆ ಏಳರಲ್ಲಿ ಸುಮ್ಮನೆ ಗೆಳೆಯರೊಡನೆ ಕೂರಲು ಬಂದವರ ಬಗೆಯೂ ಒಂದು. ಅಂಥವರನ್ನು ಬಲವಂತವಾಗಿ ಮುಂದಕ್ಕೆ ತಳ್ಳಬೇಡಿ ಎಂಬುದು ಸಲಹೆ. ಇಲ್ಲಿ ನಮಗೆ ಭಯವಾಗುತ್ತದೆ. ಮೌನವಾಗಿರುವವಳು ಸ್ವಭಾವದಿಂದ ಮೌನಿಯೋ ಅಥವಾ ಮಾತು ಕಸಿದುಕೊಂಡದ್ದರಿಂದ ಮೌನಿಯೋ ಎಂದು ಪಟ್ಟಿ ಹೇಗೆ ಹೇಳೀತು? ನಮ್ಮ ಮಗ ಅವಳನ್ನು ಈ ಬಗೆಗೆ ಸೇರಿಸಿ ನಿಶ್ಚಿಂತನಾಗಿದ್ದ. ನಾವೂ ಅಷ್ಟೆ.

ರಾನ್ ಎಡ್ವರ್ಡ್ಸ್ ಎಂಬವರು ಈ ಶತಮಾನದ ಆರಂಭದಲ್ಲಿ ‘ಗೆರೆ, ಪರದೆ’ ಎಂಬ ಎರಡು ಮಾತುಗಳನ್ನು ಬಳಕೆಗೆ ತಂದರು. ಕಥೆಯಲ್ಲಿ ಬರಲೇಬಾರದ ವಿಷಯಕ್ಕೆ ಗೆರೆ. ಬರಬಹುದು ಆದರೆ ಕಣ್ಣೆದುರು ಬೇಡ ಎಂಬುದಕ್ಕೆ ಪರದೆ. 2013ರ ಸುಮಾರಿಗೆ ಜಾನ್ ಸ್ಟಾವ್ರೊಪೌಲೋಸ್ ಎಂಬವರು ಎಕ್ಸ್ ಕಾರ್ಡನ್ನು ತಂದರು. ಮೇಜಿನ ನಡುವೆ ಎಕ್ಸ್ ಗುರುತಿನ ಒಂದು ಚೀಟಿ ಇರುತ್ತದೆ. ಯಾರಿಗಾದರೂ ಕಥೆ ಸಹಿಸಲಾರದೆಡೆಗೆ ತಿರುಗಿದರೆ ಅದನ್ನು ಮುಟ್ಟಿದರೆ ಸಾಕು, ಕಾರಣ ಕೇಳದೆ ಆ ವಿಷಯವನ್ನು ಕೈಬಿಡಬೇಕು. 2020ರಲ್ಲಿ ಬಂದ ‘ಟಾಶಾಸ್ ಕಾಲ್ಡ್ರನ್ ಆಫ್ ಎವೆರಿಥಿಂಗ್’ ಎಂಬ ಅಧಿಕೃತ ಪುಸ್ತಕವು ಆಟಕ್ಕೆ ಮೊದಲೇ ಎಲ್ಲರೂ ಕೂತು ಒಪ್ಪಂದ ಮಾಡಿಕೊಳ್ಳುವ ‘ಸೊನ್ನೆಯ ಬೈಠಕ್ಕು’ ಎಂಬ ಪದ್ಧತಿಯನ್ನು ವಿವರಿಸುತ್ತದೆ. ಯಾರ ಪಾತ್ರ ಯಾರ ಚೀಲಕ್ಕೆ ಕೈ ಹಾಕಬಹುದು, ಹಾಕಬಾರದು ಎಂಬುದನ್ನು ಅಲ್ಲೇ ಮಾತಾಡಿ ಮುಗಿಸಬಹುದು. 1979ರಿಂದ ಇಲ್ಲಿಗೆ ದೂರ ಬಹಳ. ಸೂತ್ರಧಾರನ ಸಿಡಿಲಿನ ಜಾಗಕ್ಕೆ ಮೇಜಿನವರೆಲ್ಲರ ಒಪ್ಪಂದ ಬಂದಿದೆ. ಇದನ್ನು ಮನಃಪೂರ್ವಕ ಸ್ವಾಗತಿಸುತ್ತೇವೆ.

ಆದರೂ ಒಂದು ಮಾತು. ಎಕ್ಸ್ ಚೀಟಿ ಭಯಾನಕವಾದ, ನೋವಿನ ವಿಷಯಗಳಿಗೆ ಸರಿ. ಪ್ರತಿ ವಾಕ್ಯವನ್ನೂ ಅರ್ಧಕ್ಕೆ ಕತ್ತರಿಸುವವನಿಗೆ ಯಾವ ಚೀಟಿ? ಇಷ್ಟಿಷ್ಟೇ ಮಾತು ಕಳೆದುಕೊಂಡವಳು ಯಾವ ಗಳಿಗೆಯಲ್ಲಿ ಕೈ ಚಾಚಬೇಕು? ಒಪ್ಪಂದದ ದಿನವೂ ಮೊದಲು ಮಾತಾಡುವವನು ಆ ಚುರುಕು ಹುಡುಗನೇ. ಹೊಸ ಸಾಧನಗಳು ಒಳ್ಳೆಯವು, ಆದರೆ ಅವುಗಳಲ್ಲೂ ತೊಂದರೆಗೊಳಗಾದವಳೇ ಕೈ ಎತ್ತಬೇಕೆಂಬ ನಿರೀಕ್ಷೆ ಉಳಿದಿದೆ. ನೋಡುತ್ತಿರುವವರ ಕರ್ತವ್ಯವನ್ನು ಚೀಟಿ ಮಾಡಲಾರದು.

ಕೊನೆಗೆ ಏನಾಯಿತೆಂದರೆ, ಮಗ ಆ ಹುಡುಗನನ್ನು ಮೆಟ್ಟಿಲ ಹತ್ತಿರ ಕರೆದು ಹತ್ತು ನಿಮಿಷ ಮಾತಾಡಿದ. ಹುಡುಗನ ಮುಖ ಸಣ್ಣದಾಯಿತಂತೆ. ‘ಇದನ್ನ ಮೊದಲೇ ಹೇಳಬಾರದಿತ್ತಾ?’ ಎಂದನಂತೆ. ಮುಂದಿನ ಭಾನುವಾರ ಬಂದ. ಈಗಲೂ ಬರುತ್ತಾನೆ. ನಡುವೆ ಬಾಯಿ ಹಾಕಿದಾಗ ತಾನೇ ತುಟಿ ಕಚ್ಚಿಕೊಳ್ಳುವುದನ್ನು ನಾವು ಅಡುಗೆಮನೆಯಿಂದ ನೋಡಿದ್ದೇವೆ. ಮೂರು ಸಿಡಿಲು ಮಾಡದ ಕೆಲಸವನ್ನು ಹತ್ತು ನಿಮಿಷ ಮಾಡಿತು. ಆದರೆ ಹುಡುಗಿ ಬಂದಿಲ್ಲ. ಮಗ ಹೋಗಿ ಕರೆದ. ಟ್ಯೂಷನ್ ಇದೆ ಎಂದಳು. ಅವಳ ಹಾಳೆ, ಒಂದು ಹಸಿರು ದಾಳ ನಮ್ಮ ಕಪಾಟಿನಲ್ಲಿವೆ. ಹತ್ತು ನಿಮಿಷ ಸಕಾಲದಲ್ಲಿ ಸಿಕ್ಕಿದ್ದರೆ ಅವು ಅಲ್ಲಿರುತ್ತಿರಲಿಲ್ಲ. ಆ ಹತ್ತು ನಿಮಿಷವನ್ನು ಮಗನಿಗಿಂತ ಮೊದಲು ಕೊಡಬಹುದಾಗಿದ್ದವರು ಚಹಾ ಹಿಡಿದು ನಿಂತಿದ್ದ ನಾವು.

ನಮ್ಮ ಸಂಘದ ವಾರ್ಷಿಕ ಸಭೆಗೆ ಬರುವವರಿಗೆ ಈ ಕಥೆ ಹೊಸದಲ್ಲ. ಅಲ್ಲಿಯೂ ಒಬ್ಬ ಮಹನೀಯರು ಮೈಕು ಹಿಡಿದರೆ ಬಿಡುವುದಿಲ್ಲ. ತಿಳಿದವರು, ಸಂಘಕ್ಕಾಗಿ ದುಡಿದವರು, ಅದರಲ್ಲಿ ಎರಡು ಮಾತಿಲ್ಲ. ನಾವು ಅವರಿಗೆ ಎದುರಿಗೆ ಏನೂ ಹೇಳದೆ ನಮ್ಮದೇ ರೀತಿಯ ಸಿಡಿಲು ಬಿಡುತ್ತೇವೆ: ಕಾರ್ಯಸೂಚಿಯಲ್ಲಿ ಅವರ ಹೆಸರನ್ನು ಕೊನೆಗೆ ಹಾಕುವುದು, ಊಟದ ಗಂಟೆಯನ್ನು ಬೇಗ ಬಾರಿಸುವುದು. ಅವರಿಗೆ ಇಂದಿಗೂ ಗೊತ್ತಿಲ್ಲ. ಈ ನಡುವೆ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ ಹೆಂಗಸರು ಸಭೆಗೆ ಬರುವುದನ್ನು ಬಿಟ್ಟಿದ್ದಾರೆ. ಏಕೆಂದು ಯಾರೂ ಕೇಳಿಲ್ಲ.

ಮುಂದಿನ ಸಭೆಗೆ ನಾವು ಅರ್ಧ ಗಂಟೆ ಮೊದಲೇ ಹೋಗಬೇಕೆಂದಿದ್ದೇವೆ. ಆ ಮಹನೀಯರೂ ಮೊದಲೇ ಬರುತ್ತಾರೆ. ಮೆಟ್ಟಿಲ ಹತ್ತಿರ ಹತ್ತು ನಿಮಿಷ ಸಿಕ್ಕೀತು.